ಕಣ್ವದ ಭಾನುವಾರ, ಚನ್ನಪಟ್ಟಣದ ಗಲ್ಲಾಪೆಟ್ಟಿಗೆ

ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಅಂಗಡಿ ತೆರೆದವರು ದಶಕಗಳ ಕಾಲ ಗಿರಾಕಿಯನ್ನು ಹುಡುಕಿಕೊಂಡು ಹೋದವರಲ್ಲ. ಗಿರಾಕಿಯೇ ಅವರ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ಕಾಫಿಗೆಂದು ಇಳಿದ ಕುಟುಂಬ ಪಕ್ಕದ ಬೊಂಬೆ ಅಂಗಡಿಗೂ ಕಾಲಿಡುತ್ತಿತ್ತು. ಮಗುವಿನ ಹಟಕ್ಕೆ ಒಂದು ಬುಗುರಿಯೋ, ಅರಗು ಹಚ್ಚಿದ ಕುದುರೆಯೋ ಮಾರಾಟವಾಗುತ್ತಿತ್ತು. 2023ರ ಮಾರ್ಚ್ 12ರಂದು ದಶಪಥ ಹೆದ್ದಾರಿ ಲೋಕಾರ್ಪಣೆಗೊಂಡ ಬಳಿಕ ಈ ವ್ಯಾಪಾರದ ಬುಡ ಸಡಿಲಗೊಂಡಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬದಿಗಿರಿಸಿ ಹೊಸ ರಸ್ತೆ ಸಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಿಗೆ ಮುಖ್ಯಪಥದಲ್ಲಿ ಪ್ರವೇಶ ನಿಷೇಧವಾದ ಕಾರಣ ಅವು ಸರ್ವಿಸ್ ರಸ್ತೆಗೂ ಹಳೆಯ ರಸ್ತೆಗೂ ಮರಳಿದವು. ಕಾರುಗಳು ಮಾತ್ರ ಮರಳಲಿಲ್ಲ.

ಹೀಗಾಗಿ ಕಾರಿನಲ್ಲಿ ಬರುವ ಕುಟುಂಬ ಇಂದು ಊರಿನೊಳಕ್ಕೆ ತಿರುಗಬೇಕಾದರೆ ಅದಕ್ಕೊಂದು ಕಾರಣ ಬೇಕು. ರಾಮದೇವರ ಬೆಟ್ಟವಿದೆ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಆದರೆ ಬೆಟ್ಟ ಹತ್ತಲು ಮೊಣಕಾಲು ಗಟ್ಟಿಯಿರಬೇಕು. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೊರಟ ಕುಟುಂಬ ಬಯಸುವುದು ನೆರಳು, ಗಾಳಿ, ಕಣ್ಣೆದುರು ಒಂದಿಷ್ಟು ನೀರು. ಈ ಮೂರನ್ನೂ ಒಂದೆಡೆ ಕೊಡುವ ತಾಣ ಚನ್ನಪಟ್ಟಣ ತಾಲ್ಲೂಕಿನಲ್ಲೇ ಇದೆ. ಅದು ಕಣ್ವ ಜಲಾಶಯ.

ಶಿಂಷಾ ನದಿಯ ಉಪನದಿಯಾದ ಕಣ್ವಕ್ಕೆ 1946ರಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಈ ಜಲರಾಶಿ ಉಂಟಾಯಿತು. ಕಣ್ವ ಮಹರ್ಷಿಗಳ ಆಶ್ರಮ ಇಲ್ಲಿತ್ತೆಂಬುದು ಸ್ಥಳೀಯರ ನಂಬಿಕೆ. ಬೆಂಗಳೂರಿನಿಂದ ಬರುವವರು ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ, ಚನ್ನಪಟ್ಟಣಕ್ಕೆ ಮುಂಚೆಯೇ ಬಲಕ್ಕೆ ತಿರುಗಬೇಕು. ತೆಂಗಿನ ತೋಟ, ಹಿಪ್ಪುನೇರಳೆಯ ಹೊಲಗಳ ನಡುವಿನ ಆ ಒಳದಾರಿಯೇ ಅರ್ಧ ವಿಹಾರ. ಏರಿಯ ಮೇಲೆ ನಿಂತರೆ ಒಂದು ಕಡೆ ಬಂಡೆಗುಡ್ಡಗಳ ಬುಡದವರೆಗೆ ಚಾಚಿದ ನೀರು, ಇನ್ನೊಂದು ಕಡೆ ಆ ನೀರನ್ನೇ ನಂಬಿದ ಅಚ್ಚುಕಟ್ಟಿನ ಹಸಿರು. ಬೆಳಗಿನ ಹೊತ್ತು ಹರಿಗೋಲಿನಲ್ಲಿ ಮೀನುಗಾರರು ಬಲೆ ಎಳೆಯುವುದನ್ನು ನೋಡುತ್ತಾ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಮುಂಗಾರು ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿಯವರೆಗಿನ ದಿನಗಳು ಇದಕ್ಕೆ ಪ್ರಶಸ್ತ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಅಂಚಿನ ಕೆಸರು ತೆರೆದುಕೊಳ್ಳುತ್ತದೆ.

ಇದು ಮೂಲತಃ ವಿಹಾರಕ್ಕಾಗಿ ಕಟ್ಟಿದ ಕೆರೆಯಲ್ಲ, ನೀರಾವರಿಗಾಗಿ ಕಟ್ಟಿದ್ದು. ತೂಬು ಎತ್ತುವುದು ಪ್ರವಾಸಿಯ ರಜೆಯನ್ನು ನೋಡಿಕೊಂಡಲ್ಲ, ರೈತನ ಬೆಳೆಯನ್ನು ನೋಡಿಕೊಂಡು. ಇದನ್ನು ಮರೆತು ಹೂಡುವ ಯಾವ ಬಂಡವಾಳವೂ ಮೊದಲ ಬರದ ವರ್ಷದಲ್ಲೇ ಒಣಗಿದ ದಂಡೆಯ ಮೇಲೆ ಕುಳಿತುಬಿಡುತ್ತದೆ.

ಭಾನುವಾರಗಳಂದು ಕಣ್ವಕ್ಕೆ ಜನ ಬಾರದೆ ಇಲ್ಲ. ಅವರಿಂದ ಊರಿಗೆ ಸಿಗುವುದೆಷ್ಟು ಎಂಬುದು ವರ್ತಕರು ಕೇಳಿಕೊಳ್ಳಬೇಕಾದ ಪ್ರಶ್ನೆ. ಪೆಟ್ರೋಲು ಬೆಂಗಳೂರಿನಲ್ಲಿ ತುಂಬಿಸಿದ್ದು, ನೀರಿನ ಬಾಟಲಿ ಅಲ್ಲಿಂದಲೇ ತಂದದ್ದು, ಊಟದ ಪೊಟ್ಟಣವೂ ಅಲ್ಲಿಯದೇ. ಬೆಳಿಗ್ಗೆ ಏಳಕ್ಕೆ ಬಂದು ಬಿಸಿಲೇರುವ ಮುನ್ನ ಹಿಂದಿರುಗುವ ಈ ಅತಿಥಿ ದಂಡೆಯಲ್ಲಿ ಬಿಟ್ಟುಹೋಗುವುದು ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟಗಳನ್ನು. ಅದನ್ನು ತೆಗೆಯುವ ಖರ್ಚು ಗ್ರಾಮ ಪಂಚಾಯಿತಿಯದು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಜಮೆಯೆಲ್ಲ ಬೆಂಗಳೂರಿಗೆ, ಖರ್ಚೆಲ್ಲ ಚನ್ನಪಟ್ಟಣಕ್ಕೆ.

ಪ್ರವಾಸೋದ್ಯಮದ ಯಶಸ್ಸನ್ನು ಬಂದವರ ತಲೆ ಎಣಿಸಿ ಅಳೆಯುವ ರೂಢಿ ನಮ್ಮಲ್ಲಿದೆ. ವ್ಯಾಪಾರಿಗೆ ಈ ಅಳತೆಯಿಂದ ಪ್ರಯೋಜನವಿಲ್ಲ. ಅವನು ಎಣಿಸಬೇಕಾದದ್ದು ಅತಿಥಿ ಊರಿನಲ್ಲಿ ಉಳಿದ ಗಂಟೆಗಳನ್ನು. ಹತ್ತೂವರೆಗೆ ಹೊರಡುವವನನ್ನು ಎರಡು ಗಂಟೆಯವರೆಗೆ ಉಳಿಸಿಕೊಂಡರೆ ಒಂದು ಊಟ ಮಾರಾಟವಾಗುತ್ತದೆ. ರಾತ್ರಿ ಉಳಿಸಿಕೊಂಡರೆ ಕೋಣೆ, ಎರಡು ಊಟ, ಮರುದಿನದ ತಿಂಡಿ.

ಉಳಿಸಿಕೊಳ್ಳುವ ಉಪಾಯ ಚನ್ನಪಟ್ಟಣದ ಕೈಯಲ್ಲೇ ಇದೆ. ಆಲೆಮರದ ತುಂಡನ್ನು ತಿರುಗಣೆಗೆ ಸಿಕ್ಕಿಸಿ, ಉಳಿ ಹಿಡಿದು, ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಮರಕ್ಕೆ ಅಂಟುವುದನ್ನು ನೋಡಲು ಕೆಲವು ನಿಮಿಷ ಸಾಕು. ತನ್ನ ಕಣ್ಣೆದುರಿಗೇ ತಯಾರಾದ ಬುಗುರಿಯನ್ನು ಬಿಟ್ಟುಹೋಗುವ ಮಗು ಅಪರೂಪ. ಅಂಗಡಿಯ ಗಾಜಿನ ಕಪಾಟಿಗಿಂತ ಕಾರ್ಖಾನೆಯ ಈ ಜಗಲಿಯೇ ಹೆಚ್ಚು ಮಾರುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಕಣ್ವದಿಂದ ಹಿಂದಿರುಗುವ ಕಾರಿನವನಿಗೆ ಅಂತಹದೊಂದು ಜಗಲಿ ಹತ್ತಿರದಲ್ಲಿದೆ ಎಂದು ಹೇಳುವವರು ಯಾರು? ತಿರುವಿನಲ್ಲಿ ಒಂದು ಫಲಕ, ಹತ್ತಾರು ಅಂಗಡಿಯವರು ಹಂಚಿಕೊಂಡು ಭರಿಸುವ ವೆಚ್ಚ, ಸರದಿಯ ಮೇಲೆ ಭಾನುವಾರ ತೆರೆದಿರುವ ಎರಡು ತಿರುಗಣೆ. ಇದಕ್ಕೆ ಸರ್ಕಾರದ ಅನುದಾನವನ್ನು ಕಾಯಬೇಕಾಗಿಲ್ಲ.

ತೆರಿಗೆಯ ಪರಿಸ್ಥಿತಿಯೂ ಸದ್ಯ ಅನುಕೂಲಕರವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಆಟಿಕೆಗಳ ಮೇಲಿನ ಜಿಎಸ್‌ಟಿ, ವಿದ್ಯುನ್ಮಾನ ಆಟಿಕೆಗಳನ್ನುಳಿದು, ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅದೇ ದಿನದಿಂದ ದಿನವೊಂದಕ್ಕೆ ರೂ. 7,500ರವರೆಗಿನ ಬಾಡಿಗೆಯ ಕೋಣೆಗೂ ಶೇ. 12ರ ಬದಲು ಶೇ. 5. ಅಂದರೆ ರೂ. 2,000ದ ಕೋಣೆಗೆ ಹಿಂದೆ ರೂ. 240 ತೆರುತ್ತಿದ್ದ ಅತಿಥಿ ಈಗ ರೂ. 100 ತೆರುತ್ತಾನೆ. ಆದರೆ ಈ ಕಡಿಮೆ ದರದೊಂದಿಗೆ ಹೂಡುವಳಿ ತೆರಿಗೆಯ ಜಮೆ ಸಿಗದು. ಮಂಚ, ಗೀಸರ್, ಬಟ್ಟೆ ಒಗೆಸುವ ಸೇವೆ ಇವುಗಳ ಮೇಲೆ ತೆತ್ತ ತೆರಿಗೆಯೆಲ್ಲ ಮಾಲೀಕನ ವೆಚ್ಚವೇ ಆಗುತ್ತದೆ. ಹಳೆಯ ಲೆಕ್ಕದಲ್ಲೇ ಬಾಡಿಗೆ ನಿಗದಿ ಮಾಡಿದವರು ವರ್ಷಾಂತ್ಯದಲ್ಲಿ ಪೇಚಿಗೆ ಸಿಲುಕಬಹುದು. ತೋಟದ ಮನೆಯಲ್ಲಿ ಎರಡು ಕೋಣೆ ಕೊಡುವ ಸಣ್ಣ ಮಾಲೀಕನಿಗೆ ಈ ತೊಡಕಿಲ್ಲ. ಅವನ ಒಟ್ಟು ವಹಿವಾಟು ವರ್ಷಕ್ಕೆ ರೂ. 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವೇ ಬರುವುದಿಲ್ಲ. ಅದೇ ಪ್ಯಾನ್‌ನಲ್ಲಿ ಬೇರೆ ವ್ಯಾಪಾರವಿದ್ದರೆ ಮಾತ್ರ ಎರಡನ್ನೂ ಕೂಡಿಸಿ ನೋಡಬೇಕು.

ಮಂಚನಬೆಲೆಯ ಎಚ್ಚರಿಕೆ

ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯ ಕಣ್ವಕ್ಕಿಂತ ಹೆಚ್ಚು ಪ್ರಸಿದ್ಧ. ಅರ್ಕಾವತಿಗೆ ಅಡ್ಡಲಾಗಿ, ಗುಡ್ಡಗಳ ನಡುವೆ, ಸಾವನದುರ್ಗದ ನೆರೆಯಲ್ಲಿರುವ ಆ ನೀರಿನ ಚೆಲುವಿಗೆ ಮಾರುಹೋಗದವರಿಲ್ಲ. ಬೆಂಗಳೂರಿಗೆ ಸಮೀಪವಾದ್ದರಿಂದ ಯುವಕರ ದಂಡು ಸದಾ ಇರುತ್ತದೆ. ಆದರೆ ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಹೂಳು, ಬಂಡೆ, ಹಠಾತ್ತನೆ ಇಳಿಯುವ ಆಳ. ಹೂಳಿನಲ್ಲಿ ಹೂತ ಕಾಲು ಈಜು ಬಲ್ಲವನನ್ನೂ ಬಿಡುವುದಿಲ್ಲ. ನೀರಿಗಿಳಿಯಬೇಡಿ ಎಂಬ ಫಲಕ ಇದ್ದೂ ಸಾವುಗಳು ನಿಂತಿಲ್ಲ.

ಕಣ್ವವೂ ಆಳವಾದ ಜಲಾಶಯವೇ. ಅಲ್ಲಿ ವ್ಯಾಪಾರ ಬಯಸುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ: ಮಾರುವುದು ದಡದ ವಿಹಾರವನ್ನು ಮಾತ್ರ. ನಡಿಗೆ, ಹಕ್ಕಿ ನೋಡುವುದು, ಮರದಡಿಯ ಬುತ್ತಿ. ದೋಣಿವಿಹಾರವೆಂದರೆ ಜಲಾಶಯದ ಒಡೆತನದ ಇಲಾಖೆಯ ಅನುಮತಿ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ತರಬೇತಿ ಪಡೆದ ಅಂಬಿಗ, ಸಾರ್ವಜನಿಕ ಹೊಣೆಗಾರಿಕೆಯ ವಿಮೆ. ಇವುಗಳಲ್ಲಿ ಒಂದು ತಪ್ಪಿದರೂ ದೋಣಿಯನ್ನು ನೀರಿಗೆ ಇಳಿಸಕೂಡದು. ಮದ್ಯ ಮತ್ತು ನೀರು ಒಂದೆಡೆ ಸೇರದಂತೆ ನೋಡಿಕೊಳ್ಳುವುದು ಪೊಲೀಸರ ಕೆಲಸವೆಂದು ಅಂಗಡಿಯವರು ಕೈತೊಳೆದುಕೊಳ್ಳುವುದೂ ಸರಿಯಲ್ಲ. ದಂಡೆಯ ಪಕ್ಕದಲ್ಲೇ ಬಾಟಲಿ ಮಾರಿದವನಿಗೂ ಅದರಲ್ಲಿ ಪಾಲುಂಟು.

ಇನ್ನೊಂದು ಕೆರೆಯ ಮಾತನ್ನೂ ಇಲ್ಲಿ ಹೇಳಬೇಕು. ಬಿಡದಿ ಸಮೀಪದ ಬೈರಮಂಗಲ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಕುಟುಂಬವಿಲ್ಲ. ಬೆಂಗಳೂರಿನ ಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಅದನ್ನು ತುಂಬಿಸುತ್ತದೆ. ಕೋಡಿಯ ಬಳಿ ನೊರೆ ಏಳುತ್ತದೆ. ಅಲ್ಲಿಂದ ಹರಿದ ನೀರು ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರದ ಕಡೆ ಸಾಗಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಒಂದು ಕೆರೆ ಹೀಗೆ ಕೈತಪ್ಪಿದ ಮೇಲೆ ಅದನ್ನು ಯಾವ ಆಸ್ತಿಪಟ್ಟಿಯಲ್ಲಿಯೂ ತೋರಿಸಲಾಗದು. ಮೇಲಿನ ಊರಿನ ತಪ್ಪು ದೊಡ್ಡದು, ನಿಜ. ಆದರೆ ರೇಷ್ಮೆ ಬಿಚ್ಚಾಣಿಕೆ, ಬಣ್ಣ ಹಾಕುವಿಕೆ, ಕಲ್ಲು ಹೊಳಪುಗೊಳಿಸುವ ಘಟಕಗಳನ್ನು ನಡೆಸುವ ಈ ಜಿಲ್ಲೆಯ ಸಣ್ಣ ಉದ್ಯಮಿಗಳು ತಮ್ಮ ಕಾಲುವೆ ಎಲ್ಲಿಗೆ ಹೋಗುತ್ತದೆಂಬುದನ್ನೂ ಒಮ್ಮೆ ನೋಡಿಕೊಳ್ಳಬೇಕು.

ಮಾಲೀಕರ ರಜೆ

ಕಣ್ವವನ್ನು ಬೆಂಗಳೂರಿಗರು ನೋಡಿದಷ್ಟು ಚನ್ನಪಟ್ಟಣದ ಪೇಟೆಯ ವರ್ತಕರು ನೋಡಿಲ್ಲವೆಂಬ ಮಾತಿದೆ. ಹಬ್ಬಕ್ಕೂ ಬೀಗ ಹಾಕದೆ ಗಲ್ಲಾದ ಮುಂದೆ ಕುಳಿತೇ ವಯಸ್ಸಾದವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ನೌಕರನಿಗೆ ವಾರಕ್ಕೊಂದು ಪೂರ್ಣ ದಿನದ ರಜೆ ಕೊಡಿಸುತ್ತದೆ. ಮಾಲೀಕನಿಗೆ ರಜೆ ಕೊಡಿಸುವ ಕಾನೂನು ಇನ್ನೂ ಬಂದಿಲ್ಲ. ತಿಂಗಳಿಗೊಂದು ಭಾನುವಾರ ನೌಕರರೊಡನೆ ಏರಿಯ ಮೇಲೆ ಕುಳಿತು ಊಟ ಮಾಡಿದರೆ, ಬರುವ ಅತಿಥಿಗೆ ಅಲ್ಲಿ ಏನು ಬೇಕು, ಏನಿಲ್ಲ ಎಂಬುದೂ ತಾನಾಗಿಯೇ ತಿಳಿಯುತ್ತದೆ: ಶೌಚಾಲಯ, ಕುಡಿಯುವ ನೀರು, ಮಧ್ಯಾಹ್ನದ ಬಿಸಿ ಮುದ್ದೆ.

ನೌಕರರ ಊಟದ ಖರ್ಚನ್ನು ಸಿಬ್ಬಂದಿ ಕಲ್ಯಾಣದ ತಲೆಬರಹದಡಿ ಬರೆಯಬಹುದು. ಆದಾಯ ತೆರಿಗೆಯಲ್ಲಿ ಅದು ಒಪ್ಪಿತ. ಊಟದ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಮಾತ್ರ ಜಮೆ ಪಡೆಯುವಂತಿಲ್ಲ. ಮನೆಯವರೂ ಜೊತೆಗೆ ಬಂದಿದ್ದರೆ ಅವರ ಎಲೆಗಳನ್ನು ಬೇರೆಯಾಗಿ ಎಣಿಸಿ, ಆ ಮೊತ್ತವನ್ನು ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯತಕ್ಕದ್ದು.