ಥೈಲ್ಯಾಂಡ್ ಗಾಲ್ಫ್ ಪ್ರವಾಸ: ರಬ್ಬರ್ ಶೂ ಹಾಕಿದ್ದರೆ ಸಿಡಿಲು ಏನೂ ಮಾಡುವುದಿಲ್ಲವೇ?

"ಅಪ್ಪನಿಗೆ 61 ವರ್ಷ, ಬಿಪಿ ಮಾತ್ರೆ ತಗೋತಾರೆ. ಏಪ್ರಿಲ್‌ನಲ್ಲಿ ಗೆಳೆಯರ ಜೊತೆ ಗಾಲ್ಫ್ ಆಡೋಕೆ ಥೈಲ್ಯಾಂಡ್‌ಗೆ ಹೊರಟಿದ್ದಾರೆ. ಅವರ ಗ್ರೂಪ್‌ನಲ್ಲಿ ಈ ಮೆಸೇಜ್ ಓಡಾಡ್ತಿದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಹೇಳ್ತೀರಾ?"

ಬೆಂಗಳೂರಿನ ಓದುಗರೊಬ್ಬರು ನಮಗೆ ಹೀಗೆ ಬರೆದು, ಜೊತೆಗೆ ಒಂದು ಉದ್ದನೆಯ ಫಾರ್ವರ್ಡ್ ಕಳುಹಿಸಿದ್ದರು. ಗಾಲ್ಫ್ ಪ್ರವಾಸಕ್ಕೆ ಹೋಗುವವರು ತಿಳಿದಿರಬೇಕಾದ "ಗುಟ್ಟು"ಗಳ ಪಟ್ಟಿ ಅದು. ಹೋಟೆಲ್, ಊಟ, ಶಾಪಿಂಗ್ ಬಗ್ಗೆ ಇದ್ದ ಸಾಲುಗಳನ್ನು ಬಿಟ್ಟು, ತಪ್ಪಿದರೆ ಜೀವಕ್ಕೆ ಕುತ್ತು ತರಬಹುದಾದ ಮಾತುಗಳನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ಹೇಳಿಕೆ 1: "ಏಪ್ರಿಲ್ ಬೆಸ್ಟ್ ಟೈಮ್. ರೇಟೂ ಕಡಿಮೆ, ಮಳೆಯೂ ಇಲ್ಲ"

ಅರ್ಧ ಸತ್ಯ. ಥೈಲ್ಯಾಂಡ್‌ನ ಬಹುಭಾಗದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಒಣ ಹವೆ, ಸ್ವಲ್ಪ ತಂಪು. ಗಾಲ್ಫ್ ಆಡುವವರು ಹೆಚ್ಚಾಗಿ ಹೋಗುವುದು ಆಗಲೇ, ಹಾಗಾಗಿ ದರವೂ ಏರಿರುತ್ತದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಸುಡು ಬೇಸಿಗೆ. ದರ ಇಳಿಯುವುದಕ್ಕೆ ಕಾರಣವೇ ಅದು.

"ಮಳೆಯೂ ಇಲ್ಲ" ಎನ್ನುವುದು ಇನ್ನೂ ದೊಡ್ಡ ತಪ್ಪು. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಬಿಸಿಲು ಕಾದು, ಸಂಜೆ ಹೊತ್ತಿಗೆ ಇದ್ದಕ್ಕಿದ್ದಂತೆ ಗುಡುಗು, ಸಿಡಿಲು, ಗಾಳಿ ಮಳೆ ಬರುತ್ತದಲ್ಲ? ಅಲ್ಲಿಯೂ ಅಷ್ಟೇ. ದಿನವಿಡೀ ಸುರಿಯುವ ಮಳೆಗಿಂತ ಗಾಲ್ಫ್ ಆಡುವವರಿಗೆ ಹೆಚ್ಚು ಅಪಾಯಕಾರಿ ಈ ದಿಢೀರ್ ಮಳೆಯೇ.

ಇನ್ನೊಂದು ವಿಷಯ: ಇಡೀ ಥೈಲ್ಯಾಂಡ್‌ಗೆ ಒಂದೇ ಮಳೆಗಾಲ ಇಲ್ಲ. ಜೂನ್‌ನಲ್ಲಿ ಮಂಗಳೂರು ನೆನೆಯುವಾಗ ಚೆನ್ನೈ ಒಣಗಿರುತ್ತದೆ, ಅಕ್ಟೋಬರ್ ನಂತರ ಚೆನ್ನೈ ಸರದಿ. ಅದೇ ರೀತಿ ಪಶ್ಚಿಮ ಕರಾವಳಿಯ ಫುಕೆಟ್‌ನಲ್ಲಿ ಮೇ–ಅಕ್ಟೋಬರ್ ಮಳೆ, ಪೂರ್ವದ ಸಮುಯಿ ದ್ವೀಪದಲ್ಲಿ ಅಕ್ಟೋಬರ್–ಡಿಸೆಂಬರ್‌ನಲ್ಲಿ ಹೆಚ್ಚು ಮಳೆ. ಉತ್ತರದ ಚಿಯಾಂಗ್ ಮಾಯ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡಿನ ಬೆಂಕಿ ಮತ್ತು ಹೊಲದ ಕೂಳೆ ಸುಡುವ ಹೊಗೆಯ ಕಾಟ. ಆಸ್ತಮಾ ಇರುವವರು ಆ ತಿಂಗಳುಗಳಲ್ಲಿ ಅತ್ತ ಹೋಗದಿರುವುದೇ ಒಳ್ಳೆಯದು. ಆದ್ದರಿಂದ "ಥೈಲ್ಯಾಂಡ್‌ಗೆ ಯಾವಾಗ ಹೋಗಬೇಕು" ಎಂದು ಕೇಳುವ ಮೊದಲು "ಥೈಲ್ಯಾಂಡ್‌ನ ಯಾವ ಊರಿಗೆ" ಎಂದು ಕೇಳಿಕೊಳ್ಳಿ.

ಹೇಳಿಕೆ 2: "ಕಲಬುರಗಿ, ರಾಯಚೂರಿನ ಬಿಸಿಲು ಕಂಡವರಿಗೆ ಅಲ್ಲಿನ 32 ಡಿಗ್ರಿ ಲೆಕ್ಕಕ್ಕೇ ಇಲ್ಲ"

ತಪ್ಪು. ನಮ್ಮ ದೇಹ ತಂಪಾಗುವುದು ಬೆವರು ಬರುವುದರಿಂದಲ್ಲ, ಬೆವರು ಆರುವುದರಿಂದ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಸಮುದ್ರ ಹತ್ತಿರವಿರುವ ಊರುಗಳಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಮೈಮೇಲೆ ಹರಿಯುತ್ತದೆಯೇ ಹೊರತು ಆರುವುದಿಲ್ಲ. 32 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಜೊತೆ ಶೇ 70ರಷ್ಟು ತೇವಾಂಶ ಇದ್ದರೆ, ಹವಾಮಾನ ತಜ್ಞರು ಬಳಸುವ "ಹೀಟ್ ಇಂಡೆಕ್ಸ್" ಲೆಕ್ಕದಲ್ಲಿ ಅದು ದೇಹಕ್ಕೆ ಸುಮಾರು 41 ಡಿಗ್ರಿಯಂತೆ ಅನುಭವವಾಗುತ್ತದೆ. ಅದೂ ನೆರಳಿನಲ್ಲಿ. ಬಿಸಿಲಿಗೆ ನಿಂತರೆ ಇನ್ನೂ ಹೆಚ್ಚು.

18 ಹೋಲ್‌ಗಳ ಒಂದು ಆಟ ಮುಗಿಸಲು 4ರಿಂದ 5 ಗಂಟೆ ಬೇಕು. ನಡೆದೇ ಆಡಿದರೆ 8 ಕಿ.ಮೀ.ಗೂ ಹೆಚ್ಚು ದೂರ. ದೇಹ ಹೊಸ ಸೆಕೆಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಐದು ದಿನದ ಪ್ಯಾಕೇಜಿನಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ.

ಬಿಪಿ, ಹೃದಯದ ತೊಂದರೆ ಇರುವವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ದೇಹದ ನೀರನ್ನು ಬೇಗ ಕಡಿಮೆ ಮಾಡಬಹುದು. ಹೃದಯ ಬಡಿತ ನಿಧಾನಗೊಳಿಸುವ ಕೆಲವು ಮಾತ್ರೆಗಳು ಸೆಕೆ ತಡೆಯುವ ದೇಹದ ಶಕ್ತಿಯನ್ನು ತಗ್ಗಿಸಬಹುದು. ಹಾಗೆಂದು ಪ್ರವಾಸಕ್ಕಾಗಿ ಮಾತ್ರೆ ನಿಲ್ಲಿಸಲೇಬಾರದು. ಹೊರಡುವ ಮೊದಲು ವೈದ್ಯರಿಗೆ "ಬಿಸಿಲಲ್ಲಿ ನಾಲ್ಕೈದು ಗಂಟೆ ಆಡುತ್ತೇನೆ" ಎಂದು ಹೇಳಿ ಸಲಹೆ ಕೇಳಿ.

ಹೇಳಿಕೆ 3: "ಬಿಸಿಲಲ್ಲಿ ಐಸ್ ನೀರು ಕುಡಿದರೆ ರಕ್ತನಾಳ ಒಡೆಯುತ್ತದೆ. ಬಿಯರ್ ದೇಹಕ್ಕೆ ತಂಪು"

ಎರಡೂ ಸುಳ್ಳು. ಐಸ್ ನೀರಿನ ಫಾರ್ವರ್ಡ್ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬರುತ್ತದೆ. ತಣ್ಣೀರು ಕುಡಿದರೆ ರಕ್ತನಾಳ ಒಡೆಯುವುದಿಲ್ಲ. ಗಟಗಟನೆ ಕುಡಿದರೆ ಕೆಲವರಿಗೆ ಹಣೆ ಸಿಡಿದಂತಾಗಬಹುದು, ಅಷ್ಟೆ. ನಿಜ ಹೇಳಬೇಕೆಂದರೆ, ಆಟ ಅಥವಾ ದುಡಿಮೆಯ ನಡುವೆ ಹೀಟ್ ಸ್ಟ್ರೋಕ್ ಆದವರನ್ನು ಉಳಿಸಲು ವೈದ್ಯರು ಮಾಡುವ ಮೊದಲ ಕೆಲಸವೇ ತಣ್ಣೀರು, ಐಸ್ ಬಳಸಿ ಮೈಯನ್ನು ಬೇಗ ತಂಪು ಮಾಡುವುದು.

ಬಿಯರ್ ಕುಡಿದಾಗ ಬಾಯಿಗೆ ತಂಪೆನಿಸಬಹುದು. ಆದರೆ ಮದ್ಯ ಮೂತ್ರ ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತದೆ. ತಲೆ ಸುತ್ತುತ್ತಿರುವುದು ಬಿಸಿಲಿನಿಂದಲೋ ಬಿಯರ್‌ನಿಂದಲೋ ಎಂದು ಜೊತೆಯವರಿಗೂ ತಿಳಿಯದಂತೆ ಮಾಡುತ್ತದೆ. ಬಿಯರ್ ಆಟ ಮುಗಿದ ಮೇಲಿರಲಿ. ಆಟದ ನಡುವೆ ನೀರು, ಎಳನೀರು, ಓಆರ್‌ಎಸ್ ಸಾಕು.

ಆಡುತ್ತಿದ್ದವರು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ಕುಸಿದರೆ ಅದನ್ನು ಬರೀ "ಸುಸ್ತು" ಎಂದುಕೊಳ್ಳಬೇಡಿ. ನೆರಳಿಗೆ ಕರೆತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸಿ, ಥೈಲ್ಯಾಂಡ್‌ನ ತುರ್ತು ವೈದ್ಯಕೀಯ ಸಂಖ್ಯೆ 1669ಕ್ಕೆ ಕರೆ ಮಾಡಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೇಳಿಕೆ 4: "ಗುಡುಗಿದರೆ ಮೊಬೈಲ್ ಆಫ್ ಮಾಡಿ, ರಬ್ಬರ್ ಶೂ ಹಾಕಿ ಮರದ ಕೆಳಗೆ ನಿಲ್ಲಿ"

ಇಡೀ ಫಾರ್ವರ್ಡ್‌ನಲ್ಲಿ ಅತ್ಯಂತ ಅಪಾಯಕಾರಿ ಸಾಲು ಇದೇ.

ಮೊದಲು ಶೂ. ಸಿಡಿಲು ಮೋಡದಿಂದ ನೆಲಕ್ಕೆ ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬರುತ್ತದೆ. ಗಾಳಿಯೂ ವಿದ್ಯುತ್ ನಿರೋಧಕವೇ. ಅಷ್ಟು ದೂರವನ್ನೇ ದಾಟಿದ ಸಿಡಿಲಿಗೆ ಒಂದು ಇಂಚು ರಬ್ಬರ್ ಯಾವ ಲೆಕ್ಕ? ಗಾಲ್ಫ್ ಕಾರ್ಟ್‌ನ ಟೈರಿಗೂ ಇದೇ ಮಾತು. ಸಿಡಿಲಿನ ಹೊತ್ತಿನಲ್ಲಿ ಕಾರಿನೊಳಗೆ ಸುರಕ್ಷಿತವಾಗಿರುವುದು ಟೈರಿನಿಂದಲ್ಲ, ಸುತ್ತಲೂ ಇರುವ ಲೋಹದ ಕವಚದಿಂದ. ಅದು ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ನಾಲ್ಕೂ ಕಡೆ ತೆರೆದಿರುವ ಗಾಲ್ಫ್ ಕಾರ್ಟ್‌ಗೆ ಆ ಕವಚವೇ ಇಲ್ಲ.

ಇನ್ನು ಮರ. ಮುಂಗಾರು ಪೂರ್ವ ಮಳೆಯಲ್ಲಿ ಮರದ ಕೆಳಗೆ ನಿಂತಿದ್ದ ಕುರಿಗಾಹಿ, ಕುರಿಗಳು ಸಿಡಿಲಿಗೆ ಬಲಿಯಾದ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿದ್ದವರ ಮೇಲೆ ಹಾರಬಹುದು, ನೆಲದ ಮೂಲಕವೂ ಹರಡಬಹುದು. 1991ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಯುಎಸ್ ಓಪನ್ ಗಾಲ್ಫ್ ನಡೆಯುತ್ತಿದ್ದಾಗ ಮಳೆಗೆ ಮರದಡಿ ನಿಂತಿದ್ದ ಪ್ರೇಕ್ಷಕರಿಗೆ ಸಿಡಿಲು ಬಡಿದು ಒಬ್ಬರು ಸತ್ತರು, ಹಲವರು ಗಾಯಗೊಂಡರು. ಪ್ರಸಿದ್ಧ ಆಟಗಾರ ಲೀ ಟ್ರೆವಿನೊ ಕೂಡ 1975ರಲ್ಲಿ ಷಿಕಾಗೊ ಬಳಿಯ ಟೂರ್ನಿಯೊಂದರಲ್ಲಿ ಸಿಡಿಲಿಗೆ ಸಿಕ್ಕಿ ಬದುಕಿ ಉಳಿದವರು. ಆಮೇಲೆ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು.

ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜರ್‌ಗೆ ಸಿಕ್ಕಿಸಿ ಬಳಸಬಾರದು, ಅಷ್ಟೆ. ಸಹಾಯಕ್ಕೆ ಕರೆಯಲು ಬೇಕಾಗುವುದೂ ಅದೇ, ಆಫ್ ಮಾಡಬೇಡಿ. ಗಾಲ್ಫ್ ಸ್ಟಿಕ್ಕಿನ ಲೋಹ ದೂರದ ಸಿಡಿಲನ್ನು ಕರೆಯುವುದಿಲ್ಲ, ಆದರೆ ಬಯಲಿನಲ್ಲಿ ಅದನ್ನೋ ಕೊಡೆಯನ್ನೋ ಎತ್ತಿ ಹಿಡಿದರೆ ಸುತ್ತಲಿನವರಿಗಿಂತ ನೀವೇ ಎತ್ತರವಾಗುತ್ತೀರಿ. ಅದೇ ಅಪಾಯ.

ಹಾಗಾದರೆ ಏನು ಮಾಡಬೇಕು? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ 1 ಕಿ.ಮೀ. ಬರಲು ಸುಮಾರು 3 ಸೆಕೆಂಡ್ ಬೇಕು. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಮುಂದಿನದು ನಿಮ್ಮ ಹತ್ತಿರವೇ ಬೀಳಬಹುದು. ಎಣಿಸಲು ಆಗದಿದ್ದರೆ ಗುಡುಗು ಕೇಳಿದ್ದೇ ಸಾಕು, ಹೊರಡಿ. ಕ್ಲಬ್‌ಹೌಸ್‌ನಂತಹ ಪೂರ್ತಿ ಕಟ್ಟಡಕ್ಕೆ ಅಥವಾ ಗಾಜು ಏರಿಸಿದ ಕಾರಿಗೆ ಹೋಗಿ. ಮೈದಾನದ ನಡುವಿನ ತೆರೆದ ಚಪ್ಪರಗಳು ಮಳೆಗೆ ಆಸರೆ, ಸಿಡಿಲಿಗಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ.

"ಅರ್ಧದಲ್ಲಿ ಬಿಟ್ಟರೆ ಆಟ ಹೋಗುತ್ತದೆ" ಎಂದು ಅಂಜುವುದೂ ಬೇಡ. ಸಿಡಿಲಿನ ಭಯವಿದ್ದಾಗ ಯಾರ ಅನುಮತಿಯನ್ನೂ ಕೇಳದೆ ಆಟ ನಿಲ್ಲಿಸಲು ಗಾಲ್ಫ್ ನಿಯಮವೇ ಅವಕಾಶ ಕೊಟ್ಟಿದೆ. ಉದ್ದನೆಯ ಒಂದು ಸೈರನ್ ಕೇಳಿದರೆ "ತಕ್ಷಣ ಆಟ ನಿಲ್ಲಿಸಿ" ಎಂದರ್ಥ. "ಈ ಒಂದು ಹೊಡೆತ ಮುಗಿಸಿ ಬರ್ತೀನಿ" ಎನ್ನಬೇಡಿ.

ಹೇಳಿಕೆ 5: "ಸಿಡಿಲು ಬಡಿದವರನ್ನು ಮುಟ್ಟಬಾರದು, ಮುಟ್ಟಿದವರಿಗೂ ಶಾಕ್ ಹೊಡೆಯುತ್ತದೆ"

ಸುಳ್ಳು. ಕರೆಂಟ್ ತಂತಿಗೆ ಅಂಟಿಕೊಂಡವರನ್ನು ಮುಟ್ಟಬಾರದು ಎಂಬ ಸರಿಯಾದ ಮಾತು ಇಲ್ಲಿಗೆ ತಪ್ಪಾಗಿ ಬಂದು ಸೇರಿದೆ. ಸಿಡಿಲು ಕ್ಷಣಾರ್ಧದಲ್ಲಿ ಹಾದುಹೋಗುತ್ತದೆ, ದೇಹದಲ್ಲಿ ವಿದ್ಯುತ್ ಉಳಿಯುವುದಿಲ್ಲ. ಸಿಡಿಲಿನಿಂದ ಸಾವು ಸಂಭವಿಸುವುದು ಮುಖ್ಯವಾಗಿ ಹೃದಯ, ಉಸಿರು ನಿಂತು. ಉಸಿರಾಡದವರಿಗೆ ತಕ್ಷಣ ಎದೆ ಒತ್ತಿ ಸಿಪಿಆರ್ ಕೊಟ್ಟರೆ ಬದುಕುವ ಅವಕಾಶವಿದೆ. ಮುಟ್ಟಲು ಹೆದರಿ ನಿಂತರೆ ಆ ಅವಕಾಶವೂ ಹೋಗುತ್ತದೆ.

ಹೇಳಿಕೆ 6: "ಭಾರತೀಯರಿಗೆ ಪಾಸ್‌ಪೋರ್ಟ್ ಒಂದಿದ್ದರೆ ಸಾಕು"

ಸಾಲದು. ಭಾರತೀಯರಿಗೆ ಥೈಲ್ಯಾಂಡ್ ಕೊಟ್ಟಿರುವ ವೀಸಾ ವಿನಾಯಿತಿಯ ನಿಯಮ 2023ರಿಂದೀಚೆಗೆ ಬದಲಾಗುತ್ತಲೇ ಬಂದಿದೆ. ಟಿಕೆಟ್ ಮಾಡುವ ಮೊದಲು ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ, ಹಳೆಯ ಫಾರ್ವರ್ಡ್ ಅಲ್ಲ. 2025ರ ಮೇ 1ರಿಂದ ಆನ್‌ಲೈನ್ ಆಗಮನ ಕಾರ್ಡ್ ಕೂಡ ಕಡ್ಡಾಯ. ಅಧಿಕೃತ ತಾಣದಲ್ಲಿ ಅದು ಉಚಿತ. ಹಣ ಕೇಳಿದರೆ ಅದು ಬೇರೆ ಯಾರದೋ ತಾಣ ಎಂದು ತಿಳಿಯಿರಿ. ಗಾಲ್ಫ್ ಸ್ಟಿಕ್‌ಗಳು ಚೆಕ್-ಇನ್ ಲಗೇಜಿನಲ್ಲಿ, ಪವರ್ ಬ್ಯಾಂಕ್ ಕೈಚೀಲದಲ್ಲಿ ಇರಬೇಕು. ಇ-ಸಿಗರೇಟ್ ಅಲ್ಲಿಗೆ ಒಯ್ಯುವುದು ಅಪರಾಧ. ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ ಬಂದ ದಿನ ಕ್ಲೇಮ್ ತಿರಸ್ಕಾರವಾಗಬಹುದು.

ಹಾಗಾದರೆ ಅಪ್ಪನನ್ನು ಕಳುಹಿಸಬಹುದೇ?

ನಮಗೆ ಬರೆದ ಓದುಗರಿಗೆ ನಾವು ಹೇಳಿದ್ದು ಇಷ್ಟು: ಪ್ರವಾಸ ತಡೆಯಬೇಡಿ, ತಿಂಗಳು ಬದಲಿಸಲು ಸಾಧ್ಯವೇ ಕೇಳಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋದರೆ ಅರ್ಧ ಚಿಂತೆ ಕಳೆಯುತ್ತದೆ. ಏಪ್ರಿಲ್ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಬೆಳಗ್ಗೆ 6–6.30ಕ್ಕೆ ಆಟ ಶುರುವಾಗುವಂತೆ ಬುಕ್ ಮಾಡಿಸಿ. ಬಿಸಿಲು, ಗುಡುಗು ಎರಡೂ ಜೋರಾಗುವ ಹೊತ್ತಿಗೆ ಆಟ ಮುಗಿದಿರುತ್ತದೆ. ಮೊದಲ ದಿನ 9 ಹೋಲ್ ಸಾಕು. ಅಲ್ಲಿನ ಹೆಚ್ಚಿನ ಮೈದಾನಗಳಲ್ಲಿ ಕ್ಯಾಡಿ ಜೊತೆಗಿರುತ್ತಾರೆ, ಹೆಚ್ಚಿನವರು ಮಹಿಳೆಯರು. ಆ ಮೈದಾನದ ಗಾಳಿ, ಮೋಡ ಅವರಿಗೆ ಗೊತ್ತು. ಅವರು ಆಕಾಶ ನೋಡಿ "ಹೋಗೋಣ" ಎಂದರೆ ವಾದ ಮಾಡದೆ ಹೊರಡಬೇಕು.

ಗ್ರೂಪಿಗೆ ಕಳುಹಿಸಲು ಇದನ್ನು ಕಾಪಿ ಮಾಡಿಕೊಳ್ಳಿ:

"ಗುಡುಗು ಕೇಳಿದರೆ ಆಟ ನಿಲ್ಲಿಸಿ, ಕಟ್ಟಡ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ. ರಬ್ಬರ್ ಶೂ, ಮರ, ಗಾಲ್ಫ್ ಕಾರ್ಟ್ ಕಾಪಾಡುವುದಿಲ್ಲ. 30 ನಿಮಿಷ ಕಾಯಿರಿ. ಸಿಡಿಲು ಬಡಿದವರನ್ನು ಮುಟ್ಟಬಹುದು, ಉಸಿರಿಲ್ಲದಿದ್ದರೆ ಸಿಪಿಆರ್ ಕೊಡಿ. ಬಿಸಿಲಲ್ಲಿ ತಣ್ಣೀರು ಕುಡಿಯಬಹುದು. ತೊದಲುವುದು, ಕುಸಿಯುವುದು ಸುಸ್ತಲ್ಲ, ತುರ್ತು ಪರಿಸ್ಥಿತಿ."

ಥೈಲ್ಯಾಂಡ್‌ಗೆ ಹೋಗದವರಿಗೂ ಇದನ್ನು ಕಳುಹಿಸಬಹುದು. ಈ ಏಪ್ರಿಲ್‌ನಲ್ಲಿ ನಮ್ಮೂರ ಹೊಲದಲ್ಲೂ, ಕ್ರಿಕೆಟ್ ಮೈದಾನದಲ್ಲೂ ಗುಡುಗುತ್ತದೆ.