ಕರುಳು ಕಟ್ಟಿದಾಗ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಕಡೆಯ ತೆಂಗಿನ ತೋಟಗಳಲ್ಲಿ ನೀರಿನ ಕೊಳವೆ ಕಟ್ಟಿಕೊಂಡರೆ ರೈತನು ಮೊದಲು ಪಂಪನ್ನು ನಿಲ್ಲಿಸುತ್ತಾನೆ; ಅನಂತರ ತಡೆಯನ್ನು ಹುಡುಕುತ್ತಾನೆ. ನಮ್ಮ ಹೊಟ್ಟೆಯೊಳಗೂ ಅಂತಹುದೊಂದು ಕೊಳವೆಯುಂಟು. ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳೇ ಅದು. ಆದರೆ ಅದು ಕಟ್ಟಿಕೊಂಡಾಗ ಪಂಪನ್ನು ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿಲ್ಲ.

ಜೊಲ್ಲು, ಜಠರರಸ, ಪಿತ್ತರಸ ಮೊದಲಾದುವೆಲ್ಲ ಸೇರಿ ದಿನಕ್ಕೆ 7-8 ಲೀಟರಿನಷ್ಟು ದ್ರವವು ಕರುಳಿಗೆ ಇಳಿಯುವುದು. ಸ್ವಸ್ಥ ದೇಹವು ಅದರ ಬಹುಭಾಗವನ್ನು ಮರಳಿ ಹೀರಿಕೊಳ್ಳುವುದು. ಹಳೆಯ ಶಸ್ತ್ರಕ್ರಿಯೆಯಿಂದ ಉಳಿದ ಅಂಟುಪಟ್ಟಿ, ಹರ್ನಿಯಾ, ಕರುಳಿನ ತಿರುಚು, ಗಡ್ಡೆ, ಕ್ಷಯದಿಂದಾದ ಸಂಕೋಚ, ಇವುಗಳಲ್ಲೊಂದು ದಾರಿಯನ್ನು ಮುಚ್ಚಿದರೆ ದ್ರವವೂ ನುಂಗಿದ ಗಾಳಿಯೂ ಒಳಗೇ ಶೇಖರವಾಗುವುವು. ಅಲೆಯಲೆಯಾಗಿ ನೋವು, ವಾಂತಿ, ಹೊಟ್ಟೆಯುಬ್ಬರ ಕಾಣಿಸಿಕೊಳ್ಳುವುವು. ಮಲವೂ ವಾಯುವೂ ನಿಲ್ಲುವುವು.

ಇಲ್ಲಿ ಭೌತಶಾಸ್ತ್ರದ ನಿಯಮವೊಂದು ಕೆಲಸಮಾಡುವುದನ್ನು ನಾವು ಗಮನಿಸಬೇಕು. ಫ್ರಾನ್ಸಿನ ಲಾಪ್ಲಾಸ್ (1749-1827) ತಿಳಿಸಿದ ನಿಯಮದಂತೆ, ಕೊಳವೆಯ ಗೋಡೆಯ ಬಿಗಿತವು ಒಳಗಿನ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧ. ಆದುದರಿಂದ ಕರುಳು ಉಬ್ಬಿದಷ್ಟೂ ಬಿಗಿತ ಹೆಚ್ಚುವುದು. ದೊಡ್ಡ ಕರುಳಿನಲ್ಲಿ ತಡೆಯಾದಾಗ, ಅದರ ಅತ್ಯಂತ ಅಗಲವಾದ ಮೊದಲ ಭಾಗಕ್ಕೇ ಸಿಡಿಯುವ ಅಪಾಯ ಹೆಚ್ಚು. ಬಿಗಿತದಿಂದಲೋ ತಿರುಚಿನಿಂದಲೋ ರಕ್ತನಾಳಗಳು ಅದುಮಿದಾಗ, ಕಡಿಮೆ ಒತ್ತಡದ ಅಭಿಧಮನಿಗಳು ಮೊದಲು ಮುಚ್ಚುವುವು. ರಕ್ತವು ಒಳಬರುವುದು, ಹೊರಹೋಗದು. ಗೋಡೆ ಬಾತು, ಕೊನೆಗೆ ಅಪಧಮನಿಯೂ ಮುಚ್ಚಿದರೆ ಕೆಲವೇ ಗಂಟೆಗಳಲ್ಲಿ ಕರುಳು ಸಾಯುವುದು.

ವೈದ್ಯರು ಮೊದಲು ರಕ್ತನಾಳದ ಮೂಲಕ ಲವಣಜಲವನ್ನು ಕೊಟ್ಟು, ಮೂಗಿನಿಂದ ಜಠರಕ್ಕೆ ನಳಿಕೆಯಿಳಿಸಿ ದ್ರವವನ್ನು ಹೊರತೆಗೆಯುವರು. ಅಮೆರಿಕದ ಶಸ್ತ್ರವೈದ್ಯ ಓವೆನ್ ವಾಂಗೆನ್‌ಸ್ಟೀನ್ 1930ರ ದಶಕದಲ್ಲಿ ಈ ಕ್ರಮವನ್ನು ಬಳಕೆಗೆ ತಂದರು. ಎತ್ತರದ ಸೀಸೆಯಿಂದ ನೀರು ಇಳಿಯುವಾಗ ಉಂಟಾಗುವ ಕಡಿಮೆ ಒತ್ತಡವೇ ಅವರ ಹೀರುಯಂತ್ರ! ಅಂಟುಪಟ್ಟಿಯಿಂದಾದ ಅನೇಕ ತಡೆಗಳು ಇಷ್ಟರಿಂದಲೇ ಬಿಡುವುವು. ಕ್ಷ-ಕಿರಣ ಮತ್ತು ಸಿ.ಟಿ. ಚಿತ್ರಗಳು ತಡೆಯ ಸ್ಥಾನವನ್ನು ತೋರುವುವು.

ಆದರೆ ರಕ್ತಸಂಚಾರ ನಿಂತಿದೆಯೆಂಬ ಶಂಕೆಯಿದ್ದರೆ ಕಾಯುವಂತಿಲ್ಲ. ಅರಿವಳಿಕೆ ಕೊಟ್ಟು ಉದರವನ್ನು ತೆರೆಯಬೇಕು. ಪಟ್ಟಿಯನ್ನು ಕತ್ತರಿಸಿ ಅಥವಾ ತಿರುಚನ್ನು ಬಿಚ್ಚಿ, ಕಪ್ಪಿಟ್ಟ ಕರುಳನ್ನು ಬೆಚ್ಚನೆಯ ಲವಣಜಲದಲ್ಲಿ ನೆನೆಸಿದ ಬಟ್ಟೆಯಿಂದ ಮುಚ್ಚಿ ಶಸ್ತ್ರವೈದ್ಯನು ಕೆಲವು ನಿಮಿಷ ಕಾಯುವನು. ಬಣ್ಣ ಮರಳಿ, ನಾಡಿ ಮಿಡಿದು, ಕರುಳು ಚಲಿಸಿದರೆ ಅದು ಬದುಕಿತು. ಇಲ್ಲವಾದರೆ ಸತ್ತ ಭಾಗವನ್ನು ಕತ್ತರಿಸಿ ತೆಗೆದು, ಉಳಿದೆರಡು ತುದಿಗಳನ್ನು ಹೊಲಿಯುವನು. ಕೆಲವೊಮ್ಮೆ ತುದಿಯನ್ನು ಹೊಟ್ಟೆಯ ಮೇಲೆ ತಂದಿಡಬೇಕಾಗುವುದು.

ಹಳ್ಳಿಗಳಲ್ಲಿ ಹೊಟ್ಟೆ ಕಟ್ಟಿತೆಂದರೆ ಹರಳೆಣ್ಣೆ ಕುಡಿಸುವ ವಾಡಿಕೆಯುಂಟು. ಮೇಲಿನ ಲಕ್ಷಣಗಳಿರುವಾಗ ಇದು ಮುಚ್ಚಿದ ಕೊಳವೆಗೆ ಪಂಪಿನ ವೇಗವನ್ನು ಹೆಚ್ಚಿಸಿದಂತೆ. ಅಂತಹ ರೋಗಿಗೆ ಭೇದಿಯ ಮದ್ದನ್ನಾಗಲಿ ಆಹಾರವನ್ನಾಗಲಿ ಕೊಡದೆ, 108ಕ್ಕೆ ಕರೆಮಾಡಿ, ಶಸ್ತ್ರಕ್ರಿಯೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ವಿದ್ಯಾರ್ಥಿಗಳು ಈ ಮಾತನ್ನು ತಮ್ಮ ಮನೆಯ ಹಿರಿಯರಿಗೂ ತಿಳಿಸಬೇಕೆಂದು ನಾವು ಕೋರುತ್ತೇವೆ.