ಕೋಟೆಯ ಬುಡದಿಂದ ಕಮಲಾಪುರದ ಗುಡ್ಡಗಳಿಗೆ

ಕಲಬುರಗಿಯ ಸೀಮೆಯೆಂದರೆ ಕಣ್ಣು ಹರಿಯುವಷ್ಟು ದೂರ ಸಮತಟ್ಟಾದ ಎರೆಹೊಲ, ತೊಗರಿ, ಜೋಳ ಮತ್ತು ಸುಡುವ ಬಿಸಿಲು. ಇದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲವೆಂಬುದು ನಾಡಿನ ಉಳಿದ ಭಾಗದವರ ಕಲ್ಪನೆ. ಬೆಟ್ಟವನ್ನು ಕಾಣಬೇಕಾದರೆ ಮಲೆನಾಡಿಗೆ ಹೋಗಬೇಕು, ಕೊಡಗಿಗೆ ಹೋಗಬೇಕು, ಬಯಲುಸೀಮೆಯಲ್ಲಿ ಬೆಟ್ಟವೆಲ್ಲಿಯದು? ಬಸ್ಸಿನಲ್ಲಿ ಕುಳಿತು ಈ ಸೀಮೆಯನ್ನು ದಾಟಿದವರು ಹೀಗೆ ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಎಂಜಿನ್ನು ಏರನ್ನೂ ಇಳಿತವನ್ನೂ ಒಂದೇ ತೆರನಾಗಿ ನುಂಗಿಬಿಡುತ್ತದೆ. ಬೈಸಿಕಲ್ಲಿಗೆ ಮಾತ್ರ ನೆಲ ಏನನ್ನೂ ಬಚ್ಚಿಡಲಾರದು. ಕಣ್ಣಿಗೆ ಕಾಣದ ಏರನ್ನು ಮೊಣಕಾಲು ಮೊದಲು ಗುರುತಿಸುತ್ತದೆ.

ಕಲಬುರಗಿಯ ಕೋಟೆಯ ಬುಡದಿಂದ ಹೊರಟು ಹುಮನಾಬಾದಿನ ದಾರಿಯಲ್ಲಿ ಕಮಲಾಪುರದವರೆಗೆ ಬೈಸಿಕಲ್ ತುಳಿದವನಿಗೆ ಈ ಸತ್ಯ ಚೆನ್ನಾಗಿ ಮನವರಿಕೆಯಾಗುತ್ತದೆ. ದೂರವೇನೂ ಹೆಚ್ಚಿಲ್ಲ, 40 ಕಿಲೋಮೀಟರಿನ ಒಳಗೇ. ಆದರೆ ಆ ಅಲ್ಪ ದೂರದಲ್ಲಿಯೇ ನೆಲದ ಸ್ವಭಾವ ಬದಲಾಗುತ್ತ ಹೋಗಿ, ಬಯಲು ಮಡಿಕೆಮಡಿಕೆಯಾಗಿ, ಮಡಿಕೆ ದಿಣ್ಣೆಯಾಗಿ, ದಿಣ್ಣೆ ಗುಡ್ಡವಾಗಿ ಎದ್ದು ನಿಲ್ಲುತ್ತದೆ.

ಮೆಟ್ಟಿಲುಗಳ ನಾಡು

ಇದಕ್ಕೆ ಕಾರಣ ಬಹು ಪುರಾತನವಾದುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ದಖ್ಖಣದ ಮೇಲೆ ಪದರಪದರವಾಗಿ ಹರಡಿ ಹೆಪ್ಪುಗಟ್ಟಿತು. ಮಳೆಗಾಳಿಗಳು ಮೆತ್ತನೆಯ ಪದರಗಳನ್ನು ಸವೆಯಿಸಿದವು, ಗಟ್ಟಿಯಾದವು ಉಳಿದುಕೊಂಡವು. ಹೀಗಾಗಿ ಇಲ್ಲಿನ ಗುಡ್ಡಗಳಿಗೆ ಚೂಪಾದ ಶಿಖರಗಳಿಲ್ಲ. ತಲೆ ಚಪ್ಪಟೆ, ಮೈ ಮೆಟ್ಟಿಲು. ಭೂವಿಜ್ಞಾನಿಗಳು ಈ ಶಿಲೆಯನ್ನು 'ಟ್ರ್ಯಾಪ್' ಎಂದು ಕರೆಯುವರು. ಸ್ವೀಡನ್ನಿನ ಭಾಷೆಯಲ್ಲಿ ಮೆಟ್ಟಿಲು ಎಂಬರ್ಥದ ಮಾತಿನಿಂದ ಈ ಹೆಸರು ಬಂದಿದೆ. ಆ ಶಿಲೆ ಸವೆದು ಹುಡಿಯಾದದ್ದೇ ನಮ್ಮ ಎರೆಮಣ್ಣು.

ಇತಿಹಾಸವೂ ಈ ಮೆಟ್ಟಿಲುಗಳನ್ನು ಹತ್ತಿದೆ. 1347ರಲ್ಲಿ ಸ್ಥಾಪಿತವಾದ ಬಹಮನೀ ರಾಜ್ಯಕ್ಕೆ ಮೊದಲು ಕಲಬುರಗಿಯೇ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿ, ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಮೇಲ್ಛಾವಣಿ ಹೊದ್ದಿರುವ ಆ ಅಪೂರ್ವ ಕಟ್ಟಡ, 1367ರದು. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರು ಎತ್ತರದಲ್ಲಿದ್ದರೆ ಬೀದರ ಸುಮಾರು 660 ಮೀಟರು ಎತ್ತರದಲ್ಲಿದೆ. ಒಂದು ರಾಜಧಾನಿಯೇ ಇನ್ನೂರು ಮೀಟರು ಮೇಲಕ್ಕೆ ಏರಿತೆನ್ನಬೇಕು!

ಈ ಕಾಲದ ಸಾಕ್ಷಿಯೂ ಉಂಟು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ–ಕಲಬುರಗಿ ರೈಲುಮಾರ್ಗಕ್ಕಾಗಿ ಕಮಲಾಪುರದ ಸೀಮೆಯ ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಉದ್ದವಾದ ಸುರಂಗವನ್ನು ಕೊರೆಯಬೇಕಾಯಿತು. ಬರಿಯ ಬಯಲಾಗಿದ್ದರೆ ಸುರಂಗಕ್ಕೇನು ಕೆಲಸ?

ಒಂದು ರೊಟ್ಟಿಯ ಬೆಲೆ

ಏರುದಾರಿಯೆಂದೊಡನೆ ಅಂಜುವವರಿಗೆ ಒಂದು ಲೆಕ್ಕವನ್ನು ಹೇಳಬೇಕು. ಸವಾರ 60 ಕಿಲೋ, ಗಟ್ಟಿಮುಟ್ಟಾದ ಹಳೆಯ ಮಾದರಿಯ ಬೈಸಿಕಲ್ 20 ಕಿಲೋ. ಒಟ್ಟು 80 ಕಿಲೋ ಭಾರವನ್ನು ಇನ್ನೂರು ಮೀಟರು ಎತ್ತರಕ್ಕೆ ಏರಿಸಬೇಕು. ಮನುಷ್ಯನ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಐದನೆಯ ಅಥವಾ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸಬಲ್ಲವು. ಉಳಿದುದು ಬೆವರು, ಬಿಸಿ. ಅದನ್ನೆಲ್ಲ ಸೇರಿಸಿದರೂ ಆ ಏರಿಗೆ ತಗಲುವ ವೆಚ್ಚ ಸುಮಾರು 170 ಕ್ಯಾಲೊರಿ, ಅಂದರೆ ಒಂದೇ ಒಂದು ಜೋಳದ ರೊಟ್ಟಿ. ಗಾಳಿಯ ತಡೆ, ಗಾಲಿಯ ತಿಕ್ಕಾಟ, ನಡುನಡುವೆ ಇಳಿದು ಮತ್ತೆ ಹತ್ತಬೇಕಾದ ಮಡಿಕೆಗಳು ಇವುಗಳಿಗೆ ಇನ್ನೂ ಕೆಲವು ರೊಟ್ಟಿಗಳು ಬೇಕಾದಾವು. ಆದರೂ ಇಷ್ಟು ಅಗ್ಗದ ಪ್ರಯಾಣ ಜಗತ್ತಿನಲ್ಲಿ ಮತ್ತೊಂದಿರಲಾರದು.

ಗೇರುಗಳಿದ್ದರೆ ಶ್ರಮ ಇನ್ನೂ ಹಗುರವಾಗುತ್ತದೆ. ಗೇರುಗಳಿಗಾಗಿ ವಾದಿಸಿದವರಲ್ಲಿ ಪ್ರಮುಖನು ಫ್ರಾನ್ಸಿನ ಸೇಂತೆತಿಯೆನ್ ಪಟ್ಟಣದ ಪಾಲ್ ದ ವಿವಿ. 1853ರಲ್ಲಿ ಹುಟ್ಟಿದ ಈತ ರೇಷ್ಮೆಯ ವ್ಯಾಪಾರವನ್ನು ಬಿಟ್ಟು ಬೈಸಿಕಲ್ಲಿನ ಹುಚ್ಚು ಹಿಡಿಸಿಕೊಂಡವನು. ಗೇರು ಹಾಕುವುದು ಗಂಡಸುತನವಲ್ಲವೆಂದು ಅಂದಿನ ಪಂದ್ಯದವರು ಹೀಯಾಳಿಸಿದರು. ಪ್ರಸಿದ್ಧ 'ಟೂರ್ ದ ಫ್ರಾನ್ಸ್' ಪಂದ್ಯದಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ಸರಿಸುವ ಸಾಧನಕ್ಕೆ ಅನುಮತಿ ದೊರೆತದ್ದು 1937ರಲ್ಲಿ, ವಿವಿ ತೀರಿಕೊಂಡು ಏಳು ವರ್ಷಗಳಾದ ಮೇಲೆ. ನಮ್ಮ ಹಳ್ಳಿಯ ಸವಾರನಿಗೆ ಗೇರಿನ ಚಿಂತೆಯಿಲ್ಲ. ಏರು ಬಿಗಿಯಾದಲ್ಲಿ ಇಳಿದು ತಳ್ಳಿಕೊಂಡು ನಡೆಯುತ್ತಾನೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೆದ್ದಾರಿಯನ್ನು ಬಿಟ್ಟು

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿ ಈಗ 50ನೆಯ ರಾಷ್ಟ್ರೀಯ ಹೆದ್ದಾರಿ. ಭಾರದ ಲಾರಿಗಳು ಹಗಲಿರುಳೂ ಓಡುತ್ತವೆ. ಇಲ್ಲಿ ಬೈಸಿಕಲ್ ಸವಾರನು ಬೆಳಕು ಹರಿಯುವ ಮೊದಲಿನ ಹೊತ್ತನ್ನು ನೆಚ್ಚದೆ, ಚೆನ್ನಾಗಿ ಬೆಳಕಾದ ಮೇಲೆಯೇ ಹೊರಟು, ರಸ್ತೆಯ ಅಂಚಿನಲ್ಲಿಯೇ ಸಾಗುವುದು ಕ್ಷೇಮ. ಆದರೆ ಈ ಸೀಮೆಯ ನಿಜವಾದ ಸೊಬಗು ಹೆದ್ದಾರಿಯಲ್ಲಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಚಿಂಚೋಳಿಯ ಕಡೆಗೆ ತಿರುಗಿದರೆ, ಅಥವಾ ಕಮಲಾಪುರದಿಂದ ಅಕ್ಕಪಕ್ಕದ ಹಳ್ಳಿಗಳ ದಾರಿ ಹಿಡಿದರೆ, ಹಾರನ್ನಿನ ಅಬ್ಬರ ಹಿಂದುಳಿಯುತ್ತದೆ. ಬಳಿಕ ಕೇಳುವುದು ಚೈನಿನ ಸಣ್ಣ ಸದ್ದು, ದೂರದ ಕುರಿಗಳ ಕೂಗು, ಗಾಳಿಗೆ ಜೋಳದ ಗರಿಗಳು ಒಂದಕ್ಕೊಂದು ತಾಗುವ ಸಪ್ಪಳ. ಬೆಳಕೋಟೆಯ ಬಳಿ ಗಂಡೋರಿ ನಾಲೆಗೆ ಕಟ್ಟಿದ ಜಲಾಶಯವಿದೆ. ಪೂರ್ವಕ್ಕೆ ಸಾಗಿದಷ್ಟೂ ಲಂಬಾಣಿ ತಾಂಡಾಗಳು, ಕುರುಚಲು ಕಾಡು. ಕೊನೆಗೆ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಅರಣ್ಯ.

ನಿಧಾನವಾಗಿ ಹೋಗುವವನನ್ನು ಊರು ಮಾತನಾಡಿಸುತ್ತದೆ. ಕಾರಿನವನನ್ನು ಯಾರೂ ನಿಲ್ಲಿಸಿ ಕೇಳುವುದಿಲ್ಲ, ಬೈಸಿಕಲ್ಲಿನವನಿಗೆ ಮಾತ್ರ ಕಟ್ಟೆಯ ಮೇಲಿನ ಮುದುಕರಿಂದ "ಯಾವೂರಪಾ ತಮ್ಮಾ? ನೀರ ಕುಡದು ಹೋಗು" ಎಂಬ ಕೂಗು ಬಂದೇ ಬರುತ್ತದೆ. ಎಳ್ಳಮಾವಾಸ್ಯೆಯ ದಿನವಂತೂ ಕೇಳಬೇಕಾದ್ದೇ ಇಲ್ಲ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ ಭೂತಾಯಿಗೆ ಕೈಮುಗಿದ ಮೇಲೆ ಸಜ್ಜೆಯ ರೊಟ್ಟಿ, ಹಲವು ತರಕಾರಿಗಳನ್ನು ಕೂಡಿಸಿ ಮಾಡಿದ ಭಜ್ಜಿ ಇವುಗಳ ಊಟ. ದಾರಿಹೋಕನೂ ಆ ಪಂಕ್ತಿಯ ಅತಿಥಿಯೇ.

ಯಾವಾಗ, ಹೇಗೆ?

ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಈ ಪ್ರಯಾಣಕ್ಕೆ ಯೋಗ್ಯ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ ಅಂಥ ಸಾಹಸ ಬೇಡ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು, ಸವಾರನೇ ಬೈಸಿಕಲ್ಲನ್ನು ಹೊತ್ತು ನಡೆಯಬೇಕಾಗುತ್ತದೆ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಕಮಲಾಪುರವಿರುವುದೂ ಅದೇ ದಿಕ್ಕಿನಲ್ಲಿ. ಆದ್ದರಿಂದ ಹೋಗುವಾಗ ಏರೂ ಎದುರುಗಾಳಿಯೂ ಜೊತೆಗೂಡಿ ಕಾಡಿದರೂ, ಬರುವಾಗ ಇಳಿತವೂ ಹಿಂಗಾಳಿಯೂ ಒಟ್ಟಾಗಿ ಸಾಲ ತೀರಿಸುತ್ತವೆ. ಜಾಲಿಮುಳ್ಳು ಟಯರಿನ ಹಗೆ. ಪಂಪು, ಟ್ಯೂಬು, ಪಂಕ್ಚರ್ ಸಾಮಾನು ಜೊತೆಯಲ್ಲಿರಲಿ. ಬಾಯಾರುವ ಮೊದಲೇ ನೀರು ಕುಡಿಯುವುದನ್ನು ಮರೆಯಬಾರದು.

ಕಮಲಾಪುರ ಮುಟ್ಟಿದವನಿಗೆ ಬಹುಮಾನವೊಂದು ಕಾದಿದೆ. ಗುಡ್ಡಗಳ ನಡುವಿನ ತಗ್ಗಿನಲ್ಲಿ ಬೆಳೆಯುವ ಇಲ್ಲಿಯ ಕೆಂಪು ಬಾಳೆ ಹೆಸರುವಾಸಿಯಾದುದು. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ಬೆಳೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು. ಕಾಯುವಿಕೆ ದೀರ್ಘ, ಬೆಲೆ ದುಬಾರಿ. ಆದ್ದರಿಂದ ಸಿರಿವಂತರ ಹಣ್ಣೆಂಬ ಹೆಸರು. ಆದರೆ ಗುಡ್ಡ ಹತ್ತಿ ಬಂದವನಿಗೆ ಅದರ ರುಚಿಯ ಮುಂದೆ ಬೆಲೆ ಹೆಚ್ಚೆನಿಸದು.

ಶಾಲೆಯ ದಾರಿ

ವಿನೋದಕ್ಕಾಗಿ ಬೈಸಿಕಲ್ ತುಳಿಯುವವರ ಮಾತು ಇಷ್ಟಾಯಿತು. ಆದರೆ ಈ ದಾರಿಗಳಲ್ಲಿ ದಿನವೂ ಬೈಸಿಕಲ್ ತುಳಿಯುವವರು ಪ್ರವಾಸಿಗಳಲ್ಲ. ಬೆನ್ನಿಗೆ ಪುಸ್ತಕದ ಚೀಲ ಕಟ್ಟಿಕೊಂಡು, ತಾಂಡಾದಿಂದ ಊರಿನ ಪ್ರೌಢಶಾಲೆಗೆ ದಿಣ್ಣೆ ಹತ್ತಿ ಇಳಿಯುವ ಹುಡುಗಿಯರು ಅವರಲ್ಲಿದ್ದಾರೆ. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿ, ಬಳಿಕ ಹುಡುಗರಿಗೂ ವಿಸ್ತರಿಸಿತು. ಬಸ್ಸು ಕಾಣದ ಹಳ್ಳಿಯಲ್ಲಿ ಏಳನೆಯ ತರಗತಿಗೇ ಮುಗಿಯಬೇಕಾಗಿದ್ದ ಎಷ್ಟೋ ಹುಡುಗಿಯರ ಓದು ಆ ಎರಡು ಗಾಲಿಗಳ ಮೇಲೆ ಮುಂದುವರಿಯಿತು. ಕೋವಿಡ್ ಬಂದ 2020ರಲ್ಲಿ ಆ ವಿತರಣೆಗೆ ತಡೆ ಬಿದ್ದಿತು.

ಗಾಲಿ ಕೊಟ್ಟರೆ ಸಾಲದು, ದಾರಿಯೂ ಬೇಕು. ರಸ್ತೆ ಅಗಲವಾದಷ್ಟೂ ವಾಹನಗಳ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಷ್ಟೂ ಅಂಚಿನಲ್ಲಿ ಸಾಗುವ ಬೈಸಿಕಲ್ಲಿಗೆ ಅಪಾಯ. ಮಗಳನ್ನು ಹೆದ್ದಾರಿಗೆ ಕಳುಹಿಸಲು ತಾಯಿ ಅಂಜಿದರೆ ಆ ಅಂಜಿಕೆಯನ್ನು ಯಾರು ತಾನೆ ತಪ್ಪೆಂದಾರು? ಹೊಸ ರಸ್ತೆಯನ್ನು ಹಾಕುವಾಗ, ಹಳೆಯದನ್ನು ಅಗಲಿಸುವಾಗ, ಪಕ್ಕದಲ್ಲಿ ಎರಡು ಗಜದ ಗಟ್ಟಿ ದಾರಿಯನ್ನು ಬೈಸಿಕಲ್ಲಿಗಾಗಿ ಬಿಟ್ಟುಕೊಡುವುದು ದೊಡ್ಡ ಖರ್ಚಿನ ಮಾತಲ್ಲ.

ನಿಶ್ಶಬ್ದವಾದ ರಸ್ತೆ ನಗರದಿಂದ ಬಂದವನಿಗೆ ಒಂದು ದಿನದ ಸುಖ. ಗುಡ್ಡದಾಚೆಯ ಹುಡುಗಿಗೆ ಅದು ಹತ್ತನೆಯ ತರಗತಿಗೆ ಹೋಗುವ ದಾರಿ. ಕಮಲಾಪುರದ ಗುಡ್ಡಗಳನ್ನು ನೋಡಲು ಹೋಗುವ ಓದುಗರು, ಏರಿನಲ್ಲಿ ತಮ್ಮನ್ನು ಹಿಂದೆ ಹಾಕಿ ನಗುತ್ತ ಸಾಗುವ ಆ ಹುಡುಗಿಗೆ ಬದಿ ಬಿಟ್ಟುಕೊಟ್ಟು ಮುಂದುವರಿಯಲಿ.